ಸರ್ಕಸ್ ಹೆಂಗಸಿನ ಕಾಲ ಕೆಳಗಿದ್ದ ಎರಡು ಸಾಲು

ಅಮೆರಿಕಕ್ಕೆ ಬಂದ ಮೇಲೆ ನಾನು ಮೊಟ್ಟಮೊದಲು ಕಟ್ಟು ಹಾಕಿದ್ದು ಒಂದು ಸತ್ತ ನಾಯಿಯ ಕೊರಳಪಟ್ಟಿಗೆ. ಮೈಸೂರಿನ ಶಿವರಾಂಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ದೇವರ ಪಟಗಳಿಗೆ, ಮದುವೆಯ ಫೋಟೋಗಳಿಗೆ, ತೀರಿಕೊಂಡ ಹಿರಿಯರ ಭಾವಚಿತ್ರಗಳಿಗೆ ಕಟ್ಟು ಹಾಕಿದ ಕೈ ಇದು. ಇಲ್ಲಿ ನೀಲಿ ಬಟ್ಟೆಯ ಮೇಲೆ ಆ ಕೆಂಪು ಪಟ್ಟಿಯನ್ನು ದುಂಡಗೆ ಇಟ್ಟು ಹೊಲಿಯಬೇಕಾಗಿತ್ತು. ಬಕಲ್ಲಿಗೆ ಸಿಕ್ಕಿಕೊಂಡಿದ್ದ ಎರಡು ಕಂದು ಕೂದಲು ಉದುರಬಾರದು ಎಂದು ಅಂಗಡಿಯ ಮಾಲೀಕ ಎರಡು ಸಲ ಹೇಳಿದ. ಕೆಲಸ ಮುಗಿದ ಮೇಲೆ ನಾಯಿಯ ಒಡತಿ ಅದನ್ನು ನೋಡಿ ಅತ್ತು, ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಯೂ ಎಂದಳು. ನಾನು ಕೈ ಬಿಡಿಸಿಕೊಂಡೆ. ಇವಳಿಗೆ ನನ್ನಿಂದ ಏನಾಗಬೇಕಾಗಿದೆ ಎಂಬುದೇ ನನಗೆ ಆಗ ಬಂದ ಯೋಚನೆ.

ಮುಂದೆ ನಾನು ಹೇಳುವುದೆಲ್ಲ ಆ ಬುದ್ಧಿ ಮಾಡಿಸಿದ ಕೆಲಸದ ವಿಷಯ. ಅಮೆರಿಕದ ಅನುಭವ ಬರೆದು ಕಳಿಸಿ ಎಂದು ಮೈಸೂರಿನ ಪತ್ರಿಕೆಯವರೊಬ್ಬರು ಕಾಗದ ಬರೆದು ಎರಡು ವರ್ಷದ ಮೇಲಾಯಿತು. ಬರೆಯಲಿಲ್ಲ. ಬರೆದರೆ ಪೂರ್ತಿ ಬರೆಯಬೇಕು, ಪೂರ್ತಿ ಬರೆಯುವ ಧೈರ್ಯ ಇರಲಿಲ್ಲ.

ನಾವು ಇಲ್ಲಿಗೆ ಬಂದದ್ದು ನನ್ನ ಹೆಂಡತಿ ಸರೋಜಳ ತಂಗಿ ಕಮಲಳಿಂದ. ಅವಳು ಇಲ್ಲಿ ನರ್ಸ್. ಅಕ್ಕನಿಗಾಗಿ ಅವಳು ಹಾಕಿದ್ದ ಅರ್ಜಿಯನ್ನು ನಾವು ಮರೆತೇ ಬಿಟ್ಟಿದ್ದೆವು. ತೊಂಬತ್ತರ ದಶಕದ ಶುರುವಿನಲ್ಲಿ ವೀಸಾ ಬಂತು. ನನಗೆ ಆಗ ಐವತ್ತೈದು ದಾಟಿತ್ತು. ಮಕ್ಕಳಿಲ್ಲದ ನಮಗೆ ಮೈಸೂರಾದರೇನು, ಬೇರೆ ಕಡೆಯಾದರೇನು ಎಂದು ಸರೋಜ ಅಂದಳು. ನನ್ನ ಓದು ಎಸ್ಸೆಸ್ಸೆಲ್ಸಿ, ಅದರಲ್ಲೂ ಇಂಗ್ಲಿಷಿನಲ್ಲಿ ಅಂಚಿಗೆ ಪಾಸು.

ವರ್ಜೀನಿಯಾದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಮನೆ ಸಿಕ್ಕಿತು. ವಾಷಿಂಗ್ಟನ್ನಿನ ದೊಡ್ಡ ವಿಮಾನ ನಿಲ್ದಾಣ ಪಕ್ಕದಲ್ಲೇ; ವಿಮಾನಗಳು ಚಕ್ರ ಚಾಚಿಕೊಂಡು ನಮ್ಮ ಬಾಲ್ಕನಿಯ ಮೇಲೆಯೇ ಇಳಿಯುತ್ತವೆ. ಮೊದಲ ವಾರ ಸರೋಜ ಒಗ್ಗರಣೆಗೆ ಸಾಸಿವೆ ಹಾಕಿದಾಗ ಸೂರಿನಲ್ಲಿದ್ದ ಹೊಗೆಯ ಗಂಟೆ ಕಿರುಚಿಕೊಂಡಿತು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿ ನಕ್ಕು ಹೋದರು. ಮೈಸೂರಿನಲ್ಲಾದರೆ ಒಳಗೆ ಬಂದು, ಏನಾಯ್ತು, ಯಾರಿಗೆ ಏನಾಯ್ತು ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಇಲ್ಲಿ ಎಲ್ಲರೂ ನಗುತ್ತಾರೆ, ಯಾರೂ ಒಳಗೆ ಬರುವುದಿಲ್ಲ. ಗುರುತಿಲ್ಲದವರೂ ರಸ್ತೆಯಲ್ಲಿ ಹಾಯ್ ಎನ್ನುತ್ತಾರೆ. ಮೊದಲ ಒಂದು ವರ್ಷ ನಾನು ಆ ನಗುವಿಗೆಲ್ಲ ಕಾರಣ ಹುಡುಕಿದೆ. ನನ್ನ ಶರಟಿನ ಗುಂಡಿ ತಪ್ಪಿದೆಯೇ? ಇವರು ನನ್ನ ಮೇಲೆ ಏನಾದರೂ ಮಾತಾಡಿಕೊಂಡಿದ್ದಾರೆಯೇ?

"ರೀ, ಅವ್ರು ಸುಮ್ನೆ ನಗ್ತಾರೆ ಅಷ್ಟೇ," ಎನ್ನುತ್ತಿದ್ದಳು ಸರೋಜ.

"ಸುಮ್ನೆ ಯಾರೂ ನಗಲ್ಲ."

"ನಿಮ್ಮನ್ನ ನೋಡಿದ್ರೆ ನಂಗೇ ನಗು ಬರುತ್ತೆ, ಅವ್ರಿಗೆ ಬರಬಾರದಾ?"

ನನಗೆ ಕೆಲಸ ಸಿಕ್ಕಿದ್ದು ಮನೆಗೆ ನಡೆದು ಹೋಗುವಷ್ಟು ದೂರದ ಒಂದು ಫ್ರೇಮ್ ಅಂಗಡಿಯಲ್ಲಿ. ಮಾಲೀಕನ ಹೆಸರು ಗ್ಯಾರಿ. ನಂಜಪ್ಪ ಎನ್ನುವುದು ಅವನ ನಾಲಗೆಗೆ ಹೊರಳಲಿಲ್ಲ. ನನ್ನನ್ನು ನನ್ ಎಂದು ಕರೆದ. ಮೊದಲ ದಿನ ಯಂತ್ರವಿಲ್ಲದೆ ಬರೀ ಗರಗಸದಲ್ಲಿ ನಲವತ್ತೈದು ಡಿಗ್ರಿ ಮೂಲೆ ಕೊಯ್ದು, ಬೆಳಕು ನುಸುಳದಂತೆ ಜೋಡಿಸಿ ತೋರಿಸಿದೆ. ಗ್ಯಾರಿ ಅದನ್ನು ಕಿಟಕಿಗೆ ಹಿಡಿದು ನೋಡಿ ಶಿಳ್ಳೆ ಹೊಡೆದ. ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ಗೆಲುವು ಆ ಶಿಳ್ಳೆ. ಸಂಜೆ ಮನೆಗೆ ಬಂದು ಸರೋಜಳಿಗೆ ಶಿಳ್ಳೆ ಹೊಡೆದೇ ತೋರಿಸಿದೆ.

ಅದೇ ದಿನ ಆತ ಒಂದು ನಿಯಮ ಹೇಳಿದ: ಗಿರಾಕಿ ತಂದದ್ದನ್ನು ಎಂದೂ ಕತ್ತರಿಸಬಾರದು. ಕಟ್ಟನ್ನು ಚಿತ್ರಕ್ಕೆ ತಕ್ಕಂತೆ ಮಾಡಬೇಕು.

ನಮ್ಮಲ್ಲಿ ಅದು ತಿರುಗಾಮುರುಗ. ಕಟ್ಟುಗಳು ಅಳತೆಗೆ ಸಿದ್ಧವಾಗಿ ಗೋಡೆಗೆ ತೂಗುತ್ತಿದ್ದವು, ಪಟವನ್ನು ಕತ್ತರಿಸಿ ಕೂರಿಸುತ್ತಿದ್ದೆವು. ವರ್ಷ ಮುಗಿದ ಮೇಲೆ ಕ್ಯಾಲೆಂಡರಿನ ಲಕ್ಷ್ಮಿಯನ್ನು ತಂದು ಕಟ್ಟು ಹಾಕಿಸುವವರೇ ಹೆಚ್ಚು. ಲಕ್ಷ್ಮಿಯ ಪಾದದ ಕೆಳಗೆ ಜವಳಿ ಅಂಗಡಿಯ ಹೆಸರು, ವಿಳಾಸ ಇರುತ್ತಿತ್ತು. ನಾನು ಕಲಿಯುವ ಕಾಲದಲ್ಲಿ ಒಮ್ಮೆ ಅದನ್ನು ಕತ್ತರಿಸುವುದು ಮರೆತಿದ್ದಕ್ಕೆ ಗಿರಾಕಿಯೊಬ್ಬರು, "ಏನಯ್ಯಾ, ಲಕ್ಷ್ಮೀ ಜೊತೆ ಬಟ್ಟೆ ಅಂಗಡಿಯವನಿಗೂ ಮಂಗಳಾರತಿ ಎತ್ಬೇಕಾ?" ಎಂದು ಬೈದಿದ್ದರು. ಅಂದಿನಿಂದ ಪಟ ಕೈಗೆ ಬಂದೊಡನೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಕೆಳಗಿನ ಅಂಚಿಗೆ.

ಗ್ಯಾರಿಯ ಅಂಗಡಿಯಲ್ಲಿ ಮರ, ಗಾಜು ನನ್ನ ಪಾಲು. ಕಾಗದದ ಕೆಲಸವೆಲ್ಲ ಹ್ವಾ ಎಂಬ ವಿಯೆಟ್ನಾಮಿನ ಹೆಂಗಸಿನದು. ನನಗಿಂತ ಐದಾರು ವರ್ಷ ಚಿಕ್ಕವಳು, ಗಂಡ ಇಲ್ಲ, ವಯಸ್ಸಾದ ತಾಯಿಯ ಜೊತೆ ಇದ್ದಳು. ಒಂದೇ ಉದ್ದನೆಯ ಮೇಜು. ಆ ತುದಿ ಆಕೆಯದು, ಈ ತುದಿ ನನ್ನದು. ಆಕೆಯ ಇಂಗ್ಲಿಷ್ ನನ್ನ ಇಂಗ್ಲಿಷಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ನಾವು ಆಡಿದ ಮುರುಕು ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಂದೊಡನೆ ಆಕೆ ಗೋಧಿ ಹಿಟ್ಟಿನ ಗಂಜಿ ಕಾಯಿಸುತ್ತಿದ್ದಳು, ನಾವು ಮೈದಾದಲ್ಲಿ ಮಾಡುತ್ತಿದ್ದ ಗೋಂದಿನ ಹಾಗೆಯೇ. ಚಿತ್ರದ ಹಿಂಬದಿಗೆ ತೆಳ್ಳಗಿನ ಕಾಗದದ ಎರಡು ತುಂಡು ಅಂಟಿಸಿ, ಅದರಿಂದ ಚಿತ್ರವನ್ನು ಹಿಂದಿನ ರಟ್ಟಿಗೆ ತೂಗುಬಿಡುವುದು ಇಲ್ಲಿಯ ಕ್ರಮ. ನೂರು ವರ್ಷದ ಮೇಲೆ ಯಾರಾದರೂ ನೀರು ಮುಟ್ಟಿಸಿದರೆ ಬಿಟ್ಟುಕೊಳ್ಳಬೇಕಂತೆ.

"ನಮ್ಮಲ್ಲಿ ಇದಕ್ಕೆ ಮೈಲುತುತ್ತ ಹಾಕ್ತೀವಿ, ಹುಳ ಬರಲ್ಲ," ಎಂದೆ ಒಂದು ದಿನ. ಮೈಲುತುತ್ತ ಏನೆಂದು ಕೈಸನ್ನೆಯಲ್ಲಿ, ನೀಲಿ ಬಣ್ಣ ತೋರಿಸಿ ವಿವರಿಸಿದೆ.

"ವಿಷ?" ಎಂದಳು ಹ್ವಾ.

"ಹುಳಕ್ಕೆ ವಿಷ."

"ಚಿತ್ರಕ್ಕೂ, ಮಿಸ್ಟರ್ ನನ್. ನಿಮ್ಮ ಮೈಸೂರಿನಲ್ಲಿ ಹುಳ ಮೊದಲು ಸಾಯುತ್ತೋ ಚಿತ್ರ ಮೊದಲು ಸಾಯುತ್ತೋ?"

ಗ್ಯಾರಿ ನಕ್ಕ. ನನಗೆ ಕಿವಿ ಬಿಸಿಯಾಯಿತು. ನಾನು ಪ್ರತಿ ದಿನ ಆಕೆಯ ಮುಂದೆ ಮೈಸೂರು ಮೈಸೂರು ಎಂದು ಹೇಳಿಕೊಳ್ಳುತ್ತಿದ್ದೆ. ಅರಮನೆಯ ಕಡೆಯವರೂ ನನ್ನ ಅಂಗಡಿಗೆ ಬರುತ್ತಿದ್ದರು, ಇಡೀ ಪೇಟೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿತ್ತು ಎಂದು. ಅದರ ಮೇಲೆ ಬಿದ್ದ ಪೆಟ್ಟು ಅದು. ಆವತ್ತಿನಿಂದ ನಾನು ಆಕೆಯನ್ನು ಗಮನಿಸತೊಡಗಿದೆ. ಆಕೆಯ ಬಳಿ ಒಂದು ಸಣ್ಣ ನೋಟ್‌ಬುಕ್ ಇತ್ತು. ನಾನು ಗಾಜು ಒಡೆದ ದಿನ ಅದರಲ್ಲಿ ಏನೋ ಬರೆದಳು. ಅಳತೆ ತಪ್ಪಿದ ದಿನವೂ ಬರೆದಳು. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಸೌತೆಕಾಯಿ, ಅನ್ನ ನನ್ನ ಕಡೆ ತಳ್ಳುತ್ತಿದ್ದಳು. ಮೀನಿನ ವಾಸನೆ ಇದೆ ಎಂದು ನಾನು ಮುಟ್ಟುತ್ತಿರಲಿಲ್ಲ. ವಾಸನೆ ಡಬ್ಬಿಯ ಇನ್ನೊಂದು ಪಾಲಿನದು, ಆ ಅನ್ನದ್ದಲ್ಲ. ಅದು ನನಗೂ ಗೊತ್ತಿತ್ತು. ನನ್ನ ತಪ್ಪುಗಳ ಪಟ್ಟಿ ಮಾಡಿ ಗ್ಯಾರಿಗೆ ಕೊಡುತ್ತಾಳೆ, ನನ್ನನ್ನು ತೆಗೆಸಿ ತನ್ನ ಕಡೆಯವರನ್ನು ತರುತ್ತಾಳೆ ಎಂದು ಸರೋಜಳಿಗೆ ಹೇಳಿದೆ.

"ಆ ಹೆಂಗ್ಸು ಏನ್ ಮಾಡಿದ್ಲು ನಿಮಗೆ? ಊಟ ಕೊಟ್ಲು, ಅಷ್ಟೇ ತಾನೆ?" ಎಂದಳು ಸರೋಜ.

ಆ ವರ್ಷದ ಶರತ್ಕಾಲ. ಇಲ್ಲಿ ಎಲೆಗಳು ಉದುರುವ ಮುಂಚೆ ಕೆಂಪಗೆ, ಅರಿಶಿನದ ಹಾಗೆ ಹಳದಿಯಾಗುತ್ತವೆ. ಜನ ಅದನ್ನು ನೋಡಲೆಂದೇ ಕಾರು ತೆಗೆದುಕೊಂಡು ಹೋಗುತ್ತಾರೆ. ಅಂಥ ಒಂದು ಬೆಳಿಗ್ಗೆ ಮಿಸೆಸ್ ಒಕಾಡ ಎಂಬ ವಯಸ್ಸಾದ ಹೆಂಗಸು ಅಂಗಡಿಗೆ ಬಂದರು. ಇಲ್ಲೇ ಹುಟ್ಟಿದ ಜಪಾನಿ ಮೂಲದವರು. ಎರಡು ರಟ್ಟುಗಳ ನಡುವೆ ಕಟ್ಟಿ ತಂದಿದ್ದ ಚಿತ್ರವನ್ನು ಬಿಚ್ಚಿದರು.

ದಪ್ಪ ಕಾಗದದ ಮೇಲೆ ಬಿಡಿಸಿದ ಸರ್ಕಸ್ಸಿನ ಚಿತ್ರ ಅದು. ಬಿಗಿ ಉಡುಪಿನ, ದಪ್ಪ ತೊಡೆಗಳ ಹೆಂಗಸೊಬ್ಬಳು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಹಿಂದೆ ಉಯ್ಯಾಲೆ ಖಾಲಿಯಾಗಿ ಇಳಿಬಿದ್ದಿದೆ. ಬಿಳಿ ಕುದುರೆಯೊಂದರ ಅರ್ಧ ಮೈ ಮಾತ್ರ ಕಾಣುತ್ತದೆ. ನೆಲ ಒಂದು ಕಡೆಗೆ ವಾಲಿದೆ. ಕುರ್ಚಿ ಜಾರಿ ಬೀಳಬೇಕು, ಆದರೆ ಬೀಳುವುದಿಲ್ಲ. ಬಣ್ಣವೆಲ್ಲ ಮಸಿ, ಕಾವಿ, ಬೂದಿ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಬರುತ್ತಿದ್ದ ಸರ್ಕಸ್ಸನ್ನು ನಾನು ಪ್ರತಿ ವರ್ಷ ನೋಡಿದವನು. ಅಲ್ಲಿ ಎಲ್ಲ ಮಿಂಚು, ಬ್ಯಾಂಡು, ಓಟ. ಬಿದ್ದರೂ ನಗುತ್ತಲೇ ಏಳುತ್ತಿದ್ದರು. ಈ ಹೆಂಗಸು ನಗುತ್ತಿರಲಿಲ್ಲ. ತಲೆ ನೇರವಾಗಿದ್ದರೂ ಕಣ್ಣುಗಳು ಪಕ್ಕಕ್ಕೆ ಹೊರಳಿದ್ದವು, ಹಿಂದೆ ಯಾರೋ ಬಂದು ನಿಂತಿದ್ದಾರೆ ಎನ್ನುವ ಹಾಗೆ. ಇದೆಂಥ ಸರ್ಕಸ್ ಎಂದುಕೊಂಡೆ. ಆದರೆ ಆ ಕಣ್ಣು ನನಗೆ ಗುರುತಿನದ್ದು ಅನ್ನಿಸಿತು. ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುವಂಥದ್ದೇ.

ಮಿಸೆಸ್ ಒಕಾಡ ಬಹಳ ಹೊತ್ತು ಮಾತಾಡಿದರು, ಗ್ಯಾರಿಯೊಂದಿಗೆ, ಹ್ವಾಳೊಂದಿಗೆ. ನಾನು ಈ ತುದಿಯಲ್ಲಿ ಗಾಜು ಕೊಯ್ಯುತ್ತಿದ್ದೆ. ಸರ್ಕಸ್, ಅಪ್ಪ, ಮ್ಯೂಸಿಯಂ ಎಂಬ ಮಾತುಗಳಷ್ಟೇ ಕಿವಿಗೆ ಬಿದ್ದವು. ಉಳಿದದ್ದನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ಹ್ವಾಳ ಮುಂದೆ ಅರ್ಥವಾಗಲಿಲ್ಲ ಎನ್ನುವುದಕ್ಕೆ ಮನಸ್ಸು ಬರಲಿಲ್ಲ. ನನಗೆ ಆಮೇಲೆ ತಿಳಿದದ್ದು ಇಷ್ಟು: ಆ ಚಿತ್ರಕಾರ ಹುಡುಗನಾಗಿದ್ದಾಗ ಜಪಾನಿನಿಂದ ಒಬ್ಬನೇ ಬಂದವನು. ಇಲ್ಲಿ ಹೆಸರು ಮಾಡಿದರೂ ಈ ದೇಶ ಅವನನ್ನು ತನ್ನ ಪ್ರಜೆ ಎಂದು ಒಪ್ಪಲಿಲ್ಲ. ಜಪಾನಿನೊಡನೆ ಯುದ್ಧ ಬಂದಾಗ ಶತ್ರು ದೇಶದವನೆಂದು ಪಟ್ಟಿಗೆ ಸೇರಿಸಿದರು. ಊರು ಬಿಟ್ಟು ಹೋಗುವುದಾದರೆ ಅಧಿಕಾರಿಗಳಿಗೆ ತಿಳಿಸಬೇಕಿತ್ತು. ಆ ದಿನಗಳಲ್ಲಿ ಎಲ್ಲರೂ ದೂರ ಸರಿದಾಗ ಬಿಡದೆ ಜೊತೆಗಿದ್ದವರು ಮಿಸೆಸ್ ಒಕಾಡ ಅವರ ತಂದೆ. ಅವರಿಗೆ ಈ ಚಿತ್ರ ಕೊಟ್ಟು, ಕೆಳಗಿನ ಅಂಚಿನಲ್ಲಿ ಜಪಾನಿ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದ: ತಂದೆಯ ಹೆಸರು, 'ನನ್ನನ್ನು ನಂಬಿದ ಗೆಳೆಯನಿಗೆ' ಎಂಬ ಮಾತು, ತನ್ನ ಸಹಿ. ವಾಷಿಂಗ್ಟನ್ನಿನ ಮ್ಯೂಸಿಯಂ ಒಂದಕ್ಕೆ ಅವರು ಅದನ್ನು ಕೊಡುವವರಿದ್ದರು. ಅದಕ್ಕಾಗಿ ಕಟ್ಟು.

ಮರುದಿನ ಹ್ವಾ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಜೆ ಹಾಕಿದ್ದಳು. ಗ್ಯಾರಿ ಮರ ತರಲು ಹೋಗಿದ್ದ. ಅದಕ್ಕೂ ಮಾರನೆಯ ದಿನ ಮಿಸೆಸ್ ಒಕಾಡ ಬರುವವರಿದ್ದರು. ಕಟ್ಟು ನಾನೇ ಜೋಡಿಸಿ ಇಟ್ಟಿದ್ದೆ, ಚಿತ್ರ ಕೂರಿಸುವುದು ಮಾತ್ರ ಬಾಕಿ. ಹ್ವಾ ಇಲ್ಲದೆಯೂ ಕಾಗದದ ಕೆಲಸ ನಡೆಯುತ್ತದೆ ಎಂದು ಗ್ಯಾರಿಗೆ ತೋರಿಸಬೇಕು ಅನ್ನಿಸಿತು. ಯಾರೂ ನನಗೆ ಹೇಳಿರಲಿಲ್ಲ. ಆಕೆಯ ಡ್ರಾಯರಿನಿಂದ ಚಿತ್ರ ತೆಗೆದೆ. ಕಣ್ಣು ಅಭ್ಯಾಸದಂತೆ ಕೆಳಗಿನ ಅಂಚಿಗೆ ಹೋಯಿತು. ಸರ್ಕಸ್ ಹೆಂಗಸಿನ ಕಾಲ ಕೆಳಗೆ ಒಂದು ಬೆರಳಿನಷ್ಟು ಖಾಲಿ ಪಟ್ಟಿ, ಅದರಲ್ಲಿ ತಿಳಿಯದ ಅಕ್ಷರ, ಕಂದು ಕಲೆ. ನಾನು ಮಾಡಿದ್ದ ಕಟ್ಟಿಗೆ ಅಷ್ಟೇ ಹೆಚ್ಚಾಗುತ್ತಿತ್ತು. ಹ್ವಾ ಬರೆದಿಟ್ಟ ಅಳತೆಯಲ್ಲಿ ತಪ್ಪಿದೆ ಎಂದು ಖುಷಿಯೇ ಆಯಿತು. ಆ ಅಳತೆ ಸರಿಯಾಗಿತ್ತು, ಕಟ್ಟಿನ ಮರ ಕೊಯ್ಯುವಾಗ ತಪ್ಪಿದವನು ನಾನು. ಉಕ್ಕಿನ ಪಟ್ಟಿ ಇಟ್ಟು ಚಾಕು ಎಳೆದೆ. ಉಸಿರು ಬಿಡುವಷ್ಟರಲ್ಲಿ ಮುಗಿಯಿತು. ತುಂಡನ್ನು ರದ್ದಿ ಪೆಟ್ಟಿಗೆಗೆ ಹಾಕಿ, ಚಿತ್ರ ಕೂರಿಸಿ, ಗಾಜು ಒರೆಸಿ ಗೋಡೆಗೆ ಒರಗಿಸಿದೆ. ಅಚ್ಚುಕಟ್ಟಾಗಿತ್ತು.

ಬೆಳಿಗ್ಗೆ ಹ್ವಾ ಬಂದು ಅದರ ಮುಂದೆ ನಿಂತಳು.

"ಮಿಸ್ಟರ್ ನನ್, ಇದನ್ನು ನೀವು ಕೂರಿಸಿದಿರಾ?"

"ಹೌದು. ನೀನು ಇರಲಿಲ್ಲವಲ್ಲ."

"ಕೆಳಗಿನ ಅಕ್ಷರ ಎಲ್ಲಿ?"

ಆಗ ನನಗೆ ಗ್ಯಾರಿಯ ನಿಯಮ ನೆನಪಾಯಿತು.

"ಯಾವ ಅಕ್ಷರ? ಹೀಗೇ ಇತ್ತು," ಎಂದೆ.

ಹ್ವಾ ರದ್ದಿ ಪೆಟ್ಟಿಗೆಯನ್ನು ಮೇಜಿನ ಆ ತುದಿಗೆ ಎಳೆದುಕೊಂಡು, ಮೊಣಕಾಲೂರಿ ಒಂದೊಂದೇ ತುಂಡು ತೆಗೆದು ನೋಡಿದಳು. ಆಕೆಯ ತಾತ ಚಿಕ್ಕಂದಿನಲ್ಲಿ ಚೀನೀ ಅಕ್ಷರ ಕಲಿಸಿದ್ದರಂತೆ; ಜಪಾನಿನವರೂ ಅವುಗಳಲ್ಲಿ ಹಲವನ್ನು ಬಳಸುತ್ತಾರೆ. ಹಾಗಾಗಿ 'ಗೆಳೆಯ' ಎಂಬ ಅಕ್ಷರ ಆಕೆಗೆ ಓದಲು ಬರುತ್ತಿತ್ತು. ತುಂಡು ಸಿಕ್ಕಿತು. ತೆಳ್ಳನೆಯ ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟು ನನ್ನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಾಗ ಗ್ಯಾರಿಯ ಕಾರಿನ ಸದ್ದು ಕೇಳಿತು. ಡ್ರಾಯರ್ ಮುಚ್ಚಿದಳು. ಸಾಕ್ಷಿ ಎತ್ತಿಟ್ಟುಕೊಂಡಳು, ನನ್ನ ಕಥೆ ಮುಗಿಯಿತು ಎಂದುಕೊಂಡೆ ನಾನು.

ಗ್ಯಾರಿಯ ಹಿಂದೆಯೇ ಮಿಸೆಸ್ ಒಕಾಡ ಬಂದರು. ಚಿತ್ರ ನೋಡಿ ಮೊದಲು ನಕ್ಕರು. ಆಮೇಲೆ ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನನ್ನ ಅಪ್ಪನ ಹೆಸರೆಲ್ಲಿ?"

ಗ್ಯಾರಿ ನಮ್ಮಿಬ್ಬರ ಕಡೆ ತಿರುಗಿದ. ಯಾರು ಮಾಡಿದ್ದು ಎಂದು ಕೇಳಿದ. ಹ್ವಾ ನನ್ನನ್ನೇ ನೋಡಿದಳು. ಅದು ಕಾಯುತ್ತಿದ್ದ ನೋಟ ಎಂದು ಇವತ್ತು ಗೊತ್ತಾಗುತ್ತದೆ. ಆವತ್ತು ನಾನು ಅದನ್ನು ಬೆದರಿಕೆ ಎಂದುಕೊಂಡೆ. ಆಕೆ ಬಾಯಿ ಬಿಡುವ ಮುಂಚೆ ನಾನು ಬಿಡಬೇಕು ಅನ್ನಿಸಿತು.

"ಕಾಗದದ ಕೆಲಸ ಹ್ವಾಳದ್ದು," ಎಂದೆ.

ಅದು ನಿಜದ ಮಾತೇ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಕೈ ಚಾಚಿ ತೋರಿಸಿದೆ. "ಅವಳ ಡ್ರಾಯರ್ ನೋಡಿ."

ಗ್ಯಾರಿ ಡ್ರಾಯರ್ ಎಳೆದ. ತೆಳ್ಳನೆಯ ಕಾಗದದ ಸುರುಳಿ ಬಿಚ್ಚಿದ. ಮಿಸೆಸ್ ಒಕಾಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಸಹಿ ಇರುವ ತುಂಡನ್ನು ಯಾವುದೋ ನಕಲಿ ಚಿತ್ರಕ್ಕೆ ಅಂಟಿಸಲು ಕದ್ದಿದ್ದಾಳೆ ಎಂದು ಅವರು ತಿಳಿದರು. ಅಂಥವರು ಇಲ್ಲಿ ಇದ್ದಾರಂತೆ.

"ಜೋಪಾನವಾಗಿ ಇಟ್ಟಿದ್ದೆ," ಎಂದಳು ಹ್ವಾ.

"ಯಾರಿಂದ ಜೋಪಾನ?" ಎಂದ ಗ್ಯಾರಿ.

ಗ್ಯಾರಿ ಇನ್ನೂ ಎರಡು ಸಲ ಕೇಳಿದ. ಹ್ವಾ ಏಪ್ರನ್ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟಳು. ಗಂಜಿಯ ಪಾತ್ರೆಯ ಕೆಳಗಿನ ಉರಿ ಆರಿಸಿದಳು. ನೋಟ್‌ಬುಕ್ ತೆಗೆದುಕೊಳ್ಳದೆಯೇ ಹೊರಟುಹೋದಳು.

ಮರುವಾರದಿಂದ ಮೇಜಿನ ಆ ತುದಿಯೂ ನನ್ನದಾಯಿತು. ಡ್ರಾಯರೂ. ಆ ನೋಟ್‌ಬುಕ್ ತೆರೆದು ನೋಡಿದೆ. ಬರೆದಿದ್ದು ಅವರ ಭಾಷೆಯಲ್ಲಿ, ಆದರೆ ಅಳತೆಗಳೂ ಗಿರಾಕಿಗಳ ಹೆಸರೂ ಇಂಗ್ಲಿಷಿನಲ್ಲಿದ್ದವು. ನಾನು ಅಳತೆ ತಪ್ಪಿಸಿದ್ದ ಕಟ್ಟುಗಳೇ. ಪ್ರತಿಯೊಂದರ ಎದುರಿಗೂ ಸರಿಯಾದ ಅಳತೆ, ಅದರ ಮುಂದೆ ಒಂದು ಟಿಕ್ ಗುರುತು. ಆ ಕಟ್ಟುಗಳು ಗಿರಾಕಿಗೆ ಹೋಗುವಾಗ ಸರಿಯಾಗಿದ್ದದ್ದು ನನಗೆ ನೆನಪಾಯಿತು. ತಾನಾಗಿ ಸರಿಹೋಯಿತೆಂದು ನಾನು ತಿಳಿದಿದ್ದೆ. ನೋಟ್‌ಬುಕ್ ಮುಚ್ಚಿದೆ. ಆಗಲೂ ಯಾರಿಗೂ ಏನೂ ಹೇಳಲಿಲ್ಲ. ಮನೆಯಲ್ಲಿ, ಹ್ವಾ ಕೆಲಸ ಬಿಟ್ಟಳು ಎಂದಷ್ಟೇ ಹೇಳಿದೆ.

ಮೂರು ವರ್ಷ ಹೀಗೇ ಕಳೆದವು. ಹೊರಗಿನಿಂದ ನೋಡಿದರೆ ಬಾಳು ಒಂದು ಹದಕ್ಕೆ ಬಂದಿತ್ತು. ಸರೋಜ ಬಾಲ್ಕನಿಯಲ್ಲಿ ಮೆಂತ್ಯ ಬೆಳೆದಳು. ನಾನು ಎರಡನೆಯ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾದೆ. ಹಬ್ಬಕ್ಕೆ ಸೇರುವ ಕನ್ನಡದವರು ಅಂಕಲ್, ನಮ್ಮನೆ ಫೋಟೋಗೂ ಫ್ರೇಮ್ ಮಾಡ್ಕೊಡಿ ಎಂದು ತರುತ್ತಿದ್ದರು. ಆದರೆ ನನ್ನ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಗ್ಯಾರಿ ಫೋನಿನಲ್ಲಿ ದನಿ ತಗ್ಗಿಸಿದರೆ ನನ್ನ ವಿಷಯವೇ ಅನ್ನಿಸುತ್ತಿತ್ತು. ಅಂಗಡಿಗೆ ಚೀನೀ ಮುಖದವರು ಯಾರು ಬಂದರೂ ಹ್ವಾ ಕಳಿಸಿದವರು ಅನ್ನಿಸುತ್ತಿತ್ತು. ಡ್ರಾಯರಿಗೆ ಬೀಗ ಹಾಕಿಸಿಕೊಂಡೆ.

ಒಂದು ಭಾನುವಾರ ಸರೋಜ ವಾಷಿಂಗ್ಟನ್ ನೋಡೋಣ ಎಂದಳು. ಅಲ್ಲಿಯ ಮ್ಯೂಸಿಯಂಗಳಿಗೆ ಟಿಕೆಟ್ಟಿಲ್ಲ. ಒಂದರೊಳಗೆ ಹೊಕ್ಕು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಾಗ ಆ ಕಣ್ಣುಗಳು ಎದುರಾದವು. ಸರ್ಕಸ್ ಹೆಂಗಸು. ಕಟ್ಟು ಬೇರೆ, ಕಾಗದದ ನಾಲ್ಕೂ ಅಂಚು ಕಾಣುವ ಹಾಗೆ ಕೂರಿಸಿದ್ದರು. ಕೆಳಗೆ ಎರಡು ಸಾಲು ಮತ್ತೆ ಸೇರಿತ್ತು. ಜೋಡಿಸಿದ ಜಾಗದಲ್ಲಿ ಕೂದಲೆಳೆಯಂಥ ಗೆರೆ. ಪಕ್ಕದ ಚೀಟಿಯಲ್ಲಿ ಚಿತ್ರಕಾರನ ಹೆಸರು, ಹುಟ್ಟಿದ್ದು ಜಪಾನ್ ಎಂಬ ವಿವರ, ಕೊನೆಗೆ, ಕೆಳ ಅಂಚನ್ನು ಕತ್ತರಿಸಿ ಮರುಜೋಡಿಸಲಾಗಿದೆ ಎಂಬ ಮಾತು. ಗೆರೆಯನ್ನು ನೋಡಲು ಬಗ್ಗಿದೆ.

"ಸರ್, ಹಿಂದೆ ಸರೀರಿ," ಎಂದ ಕಾವಲಿನವನು. ಅಲ್ಲಿಂದ ನಾವು ಹೊರಡುವವರೆಗೂ ಅವನ ಕಣ್ಣು ನನ್ನ ಮೇಲೆಯೇ ಇತ್ತು. ಸರಿಯಾದವನನ್ನೇ ಹಿಡಿದಿದ್ದಾನೆ ಅನ್ನಿಸಿತು.

ಅಲ್ಲಿನ ಬೆಂಚಿನ ಮೇಲೆ ಕೂತು ಸರೋಜಳಿಗೆ ಎಲ್ಲ ಹೇಳಿದೆ. ಅವಳು ಚಿತ್ರದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹ್ವಾ ಎಲ್ಲಿದಾ‍ಳೀಗ?"

"ಗೊತ್ತಿಲ್ಲ."

"ಮೂರು ವರ್ಷದಿಂದ ಗೊತ್ತಿಲ್ವಾ?"

ಸ್ಟರ್ಲಿಂಗಿನಲ್ಲಿ ಹ್ವಾ ಸಾಮಾನು ಕೊಳ್ಳುತ್ತಿದ್ದ ದಿನಸಿ ಅಂಗಡಿಗೆ ಮರುದಿನ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಅಂಗಡಿಯ ಹೆಂಗಸು, ಯಾಕೆ ಬೇಕು, ನೀವು ಯಾರು ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ವಿಳಾಸ ಕೊಟ್ಟದ್ದು ಸರೋಜಳಿಗೆ, ನನಗಲ್ಲ. ತಾಯಿ ತೀರಿಕೊಂಡ ಮೇಲೆ ಹ್ವಾ ದಕ್ಷಿಣಕ್ಕೆ ಒಂದು ದಿನದ ದಾರಿಯ ಷಾರ್ಲಟ್ ನಗರದಲ್ಲಿದ್ದ ಸೋದರ ಸೊಸೆಯ ಹತ್ತಿರ ಹೋಗಿದ್ದಳು, ಬಟ್ಟೆಗಳನ್ನು ಅಳತೆಗೆ ಸರಿಪಡಿಸಿ ಹೊಲಿಯುವ ಅಂಗಡಿಯಲ್ಲಿ ಕೆಲಸ.

ಕಮಲ ಆ ಹೊತ್ತಿಗೆ ಷಾರ್ಲಟ್ಟಿನ ಆಸ್ಪತ್ರೆಗೆ ಸೇರಿ, ರಾಜ್ಯದ ಗಡಿಯಾಚೆ ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿದ್ದಳು. ಅವಳ ಮನೆಗೆ ಹೋದೆವು. ವಿಷಯ ಕೇಳಿ ಕಮಲ ಗಾಬರಿಯಾದಳು.

"ಭಾವ, ದಯವಿಟ್ಟು ಏನೂ ಅಡ್ಮಿಟ್ ಮಾಡ್ಬೇಡಿ. ಇದು ಮೈಸೂರಲ್ಲ. ಇಲ್ಲಿ ಸೂ ಮಾಡ್ತಾರೆ. ಆಗಿದ್ದು ಆಗೋಯ್ತು, ಲೆಟ್ ಇಟ್ ಗೋ."

"ಆಗೋಯ್ತು ಅಂತ ಯಾರಿಗೆ ಆಗೋಯ್ತು?" ಎಂದಳು ಸರೋಜ. "ನೀನು ಡ್ರೈವ್ ಮಾಡ್ತೀಯೋ, ನಾವು ನಡ್ಕೊಂಡ್ ಹೋಗ್ಬೇಕೋ?"

ಕಮಲ ಕಾರು ತೆಗೆದಳು.

ಹ್ವಾ ಕಿಟಕಿಯ ಪಕ್ಕ ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಯಂತ್ರ ನಿಲ್ಲಿಸಲಿಲ್ಲ. ನಿಂತುಕೊಂಡೇ ಹೇಳಿದೆ: ಕತ್ತರಿಸಿದ್ದು ನಾನು, ಗೊತ್ತಿದ್ದೂ ನಿನ್ನ ಕಡೆ ಕೈ ತೋರಿಸಿದವನೂ ನಾನು. ಆ ಸಾಲು ಮುಗಿಯುವವರೆಗೆ ಹೊಲಿದು ದಾರ ಕಡಿದಳು.

"ನನಗೆ ಗೊತ್ತಿರುವುದನ್ನೇ ಹೇಳಲು ಇಷ್ಟು ದೂರ ಬಂದಿರಾ, ಮಿಸ್ಟರ್ ನನ್?"

"ಆವತ್ತು ನೀನು ಯಾಕೆ ಬಾಯಿ ಬಿಡಲಿಲ್ಲ?"

"ಗ್ಯಾರಿ ಕೇಳಿದಾಗ ನೀವೇ ಹೇಳುತ್ತೀರಿ, ಆಮೇಲೆ ನಾನು ತುಂಡನ್ನು ಜೋಡಿಸಿಕೊಡಬಹುದು ಅಂದುಕೊಂಡಿದ್ದೆ." ಪ್ಯಾಂಟನ್ನು ಕೊಡವಿದಳು. "ನೀವು ಕೈ ಎತ್ತಿದಿರಿ. ನಮ್ಮೂರಲ್ಲಿ ಯುದ್ಧ ಮುಗಿದ ಮೇಲೆ ನಮ್ಮ ಅಣ್ಣನನ್ನು ಪಕ್ಕದ ಮನೆಯವನು ಹಾಗೆಯೇ ಕೈ ತೋರಿಸಿ ಹೊಸ ಸರ್ಕಾರದವರಿಂದ ಹಿಡಿಸಿದ. ಅಣ್ಣ ಮತ್ತೆ ಬರಲಿಲ್ಲ. ನಿಮಗೆ ಎದುರಾಗಿ ನಾನೂ ಕೈ ಎತ್ತಬೇಕಿತ್ತೇ? ನನ್ನಿಂದ ಆಗಲಿಲ್ಲ."

ನಾನು ಕ್ಷಮಿಸು ಎಂದೆ. ಆಕೆ ಸರೋಜಳಿಗೆ ಕೂರಲು ಕುರ್ಚಿ ಎಳೆದು ಕೊಟ್ಟಳು, ನನಗೆ ಕೊಡಲಿಲ್ಲ.

"ನನಗೆ ಹೇಳುವುದು ಸುಲಭ," ಎಂದಳು. "ಗ್ಯಾರಿಗೆ ಹೇಳಿ. ಆ ಚಿತ್ರದ ಅಮ್ಮನಿಗೆ ಹೇಳಿ. ಆಮೇಲೆ ನಿಮ್ಮ ಮೈಸೂರಿನವರಿಗೆ ಹೇಳಿ. ದೊಡ್ಡ ಕೆಲಸಗಾರ ಅನ್ನುತ್ತಾರೆ, ಬಹುವಚನದಲ್ಲಿ ಮಾತಾಡಿಸುತ್ತಾರೆ ಎಂದು ದಿನಾ ಹೇಳುತ್ತಿದ್ದಿರಲ್ಲ, ಅವರಿಗೆ. ಮೂರೂ ಆದ ಮೇಲೆ ಬನ್ನಿ. ಆಗ ನಾನು ಏನು ಹೇಳುತ್ತೇನೋ ನೋಡೋಣ."

ಗ್ಯಾರಿಗೆ ಹೇಳಿದಾಗ ಆತ ಮೊದಲು ಕೇಳಿದ್ದು, ಅಷ್ಟು ಬೆಲೆಬಾಳುವ ಕಾಗದದ ಮೇಲೆ ಯಾವ ಚಾಕು ಹಾಕಿದೆ ಎಂದು. ಕತ್ತರಿಸಬಾರದು ಎಂದು ಮೊದಲ ದಿನವೇ ಹೇಳಿದ್ದೆನಲ್ಲ ಎಂದು ಕೂಗಾಡಿದ. ಹ್ವಾಳಿಗೆ ಫೋನ್ ಮಾಡಿ, ತಪ್ಪಾಯಿತು, ವಾಪಸು ಬಾ ಎಂದ. ಆಕೆ ಕೇಳಿಸಿಕೊಂಡು, ಬರುವುದಿಲ್ಲ ಎಂದು ಫೋನ್ ಇಟ್ಟಳು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಾಗದ ಮುಟ್ಟಬೇಡ ಎಂದ. ಈಗ ನಾನು ಗಾಜು ಮಾತ್ರ ಕೊಯ್ಯುತ್ತೇನೆ. ಅಂಗಡಿ ಮುಚ್ಚುವ ಮುಂಚೆ ಆತ ನನ್ನ ಡ್ರಾಯರ್ ತೆರೆದು ನೋಡುತ್ತಾನೆ.

ಮಿಸೆಸ್ ಒಕಾಡ ಅವರಿಗೆ ಕಾಗದ ಬರೆದೆ. ನಾನು ಇಂಗ್ಲಿಷಿನಲ್ಲಿ ಬರೆದ ಮೊದಲ ಕಾಗದ ಅದು. ಅವರು ಅಂಗಡಿಗೆ ಬಂದು ನನ್ನೆದುರು ನಿಂತರು.

"ಯುದ್ಧದ ಕಾಲದಲ್ಲಿ ಕೆಲವರು ನಮ್ಮ ಅಪ್ಪನನ್ನು ಏನೂ ಕೇಳದೆ ದ್ರೋಹಿ ಅಂದರು," ಎಂದರು. "ಮೂರು ವರ್ಷ ನಾನು ಆ ಹೆಂಗಸನ್ನು ಏನೂ ಕೇಳದೆ ಕಳ್ಳಿ ಅಂದುಕೊಂಡಿದ್ದೆ. ನೀವು ನನ್ನಿಂದಲೂ ಅದನ್ನೇ ಮಾಡಿಸಿದಿರಿ." ಹ್ವಾಳ ವಿಳಾಸ ಬರೆಸಿಕೊಂಡು ಹೊರಟರು.

ಇನ್ನು ಮೂರನೆಯದು, ಮೈಸೂರಿನವರಿಗೆ ಹೇಳುವ ಈ ಬರಹ. ಇದನ್ನು ಬರೆಯುವ ಮೊದಲು ಶಿವರಾಂಪೇಟೆಯಲ್ಲಿ ಇನ್ನೂ ಕಟ್ಟು ಹಾಕುತ್ತಿರುವ ಹಳೆಯ ಗೆಳೆಯನೊಬ್ಬನಿಗೆ ನಡೆದದ್ದನ್ನೆಲ್ಲ ಬರೆದಿದ್ದೆ. "ಅಂಚು ಕತ್ತರಿಸಿದ್ದಕ್ಕೆ ಇಷ್ಟು ಗೋಳಾಡ್ತೀಯಲ್ಲೋ, ನಾವೆಲ್ಲ ಜೀವಮಾನ ಅದನ್ನೇ ಮಾಡಿದ್ದು," ಎಂದು ಉತ್ತರ ಬಂತು. ಅಲ್ಲಿ ಕತ್ತರಿಸುವುದು ತಪ್ಪೇ ಅಲ್ಲ. ಇಲ್ಲಿ ಕತ್ತರಿಸಿದ್ದೇ ದೊಡ್ಡ ತಪ್ಪು, ಗೋಡೆಯ ಮೇಲೆ ಚೀಟಿ ಬರೆದು ಹಾಕುವಷ್ಟು. ನಾನು ಕೈ ಚಾಚಿ ತೋರಿಸಿದ್ದನ್ನು ನನ್ನ ಗೆಳೆಯನೂ ಕೇಳಲಿಲ್ಲ, ಗ್ಯಾರಿಯೂ ಕೇಳಲಿಲ್ಲ. ಎರಡೂ ಊರಿನ ಕೆಲಸ ಬಲ್ಲವನು ನಾನು. ಎರಡೂ ಕಡೆ ನನಗೆ ಬಚ್ಚಿಟ್ಟುಕೊಳ್ಳಲು ಜಾಗ ಇತ್ತು.

ಮುಪ್ಪಿನಲ್ಲಿ ಮೈಸೂರಿಗೆ ಮರಳುವುದು ನಮ್ಮ ಆಸೆ. ಬರೆದದ್ದನ್ನು ಸರೋಜಳಿಗೆ ಓದಲು ಕೊಟ್ಟೆ. ಇದು ಅಚ್ಚಾದ ಮೇಲೆ ಅಲ್ಲಿ ಹೇಗೆ ತಲೆ ಎತ್ತಿ ಓಡಾಡುವುದು ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಪೆನ್ಸಿಲಿನಲ್ಲಿ ಒಂದು ಕಡೆ ಗುರುತು ಹಾಕಿ ವಾಪಸು ಕೊಟ್ಟಳು.

"ಡ್ರಾಯರ್ ತೋರಿಸುವಾಗ ಕೈ ನಡುಗಿತು ಅಂತ ಬರ್ದಿದೀರ. ನಡುಗಿತ್ತಾ?"

ನಡುಗಿರಲಿಲ್ಲ. ಆ ಮಾತನ್ನು ಹೊಡೆದುಹಾಕಿದೆ. ನಾಳೆ ಇದನ್ನು ಅಂಚೆಗೆ ಹಾಕುತ್ತೇನೆ. ಇದು ನಿಮ್ಮ ಕೈ ಸೇರಿದ ಮೇಲೆ, ನನ್ನ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬುವ ಊರು ಎಂದು ನನಗೆ ಯಾವುದೂ ಉಳಿದಿರುವುದಿಲ್ಲ.